ಕೊಟ್ಟಿಗೆಗೂ ಒಂದು ಚಿತ್ರವಿರಲಿ

(ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಯುವಜನರು ಏರ್ಪಡಿಸಿದ್ದ ಹಳೆಯ ಗ್ರಾಮೀಣ ಕಟ್ಟಡಗಳ ಛಾಯಾಚಿತ್ರ ಪ್ರದರ್ಶನವನ್ನು ಆರಂಭಿಸಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಈ ಪ್ರದರ್ಶನವನ್ನು ನೋಡಲು ಬಂದ ಹಿರಿಯರೊಬ್ಬರು ಬಾಗಿಲಲ್ಲಿಯೇ ನನ್ನನ್ನು ನಿಲ್ಲಿಸಿ, "ಸ್ವಾಮಿ, ದೇವಾಲಯಕ್ಕೆ ನೂರು ವರ್ಷ ತುಂಬಿದ ಸಂಭ್ರಮ ಇದು. ಗೋಡೆಯ ಮೇಲೆ ನೋಡಿದರೆ ದನದ ಕೊಟ್ಟಿಗೆ, ಮುರುಕು ಕಣಜ, ಹಾಳು ಬಾವಿ. ಇದೇನು ಹೀಗೆ?" ಎಂದು ಕೇಳಿದರು. ಅವರ ಮಾತಿನಲ್ಲಿ ಅಸಮಾಧಾನಕ್ಕಿಂತ ಬೆರಗು ಹೆಚ್ಚಾಗಿತ್ತು.

ಅವರ ಪ್ರಶ್ನೆ ನ್ಯಾಯವಾದದ್ದೇ. ಇಂತಹ ಉತ್ಸವಗಳಲ್ಲಿ ಗೋಪುರದ ಚಿತ್ರ, ಬಲಿಪೀಠದ ಚಿತ್ರ, ಧರ್ಮಾಧ್ಯಕ್ಷರು ಭೇಟಿಯಿತ್ತ ದಿನದ ಚಿತ್ರ ಇವುಗಳನ್ನು ತೂಗುಹಾಕುವುದು ರೂಢಿ. ಅವೂ ಪಕ್ಕದ ಕೋಣೆಯಲ್ಲಿವೆ; ನೋಡದೆ ಹೋಗಬೇಡಿ. ಆದರೆ ಈ ಕೋಣೆಯಲ್ಲಿರುವುದು ನಮ್ಮ ಧರ್ಮಕೇಂದ್ರಕ್ಕೆ ಸೇರಿದ ಹಳ್ಳಿಗಳ ಕೊಟ್ಟಿಗೆ, ಕಣಜ, ಹಗೇವು, ಆಲೆಮನೆ, ಕಣದ ಗುಡಿಸಲುಗಳ ಚಿತ್ರಗಳು. ಬಾಗಿಲಲ್ಲಿ ನಿಂತು ಎರಡು ಮಾತಿನಲ್ಲಿ ಆ ಹಿರಿಯರಿಗೆ ಉತ್ತರ ಹೇಳಲು ನನ್ನಿಂದಾಗಲಿಲ್ಲ. ಈಗ ನಿಮ್ಮೆಲ್ಲರ ಮುಂದೆ ಹೇಳಲು ಪ್ರಯತ್ನಿಸುತ್ತೇನೆ. ಅದಕ್ಕೆ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಪಾಪನಿವೇದನೆಯನ್ನು ಕೇಳುವುದು ನನ್ನ ಕೆಲಸ. ಇಂದು ಹೇಳುವ ಸರದಿ ನನ್ನದು.

ನಮ್ಮ ಊರಿನಲ್ಲಿ ಮೊದಲ ಬಲಿಪೂಜೆ ನಡೆದದ್ದು ಈ ದೇವಾಲಯದಲ್ಲಲ್ಲ ಎಂಬುದನ್ನು ನೀವು ನಿಮ್ಮ ಅಜ್ಜ ಅಜ್ಜಿಯರಿಂದ ಕೇಳಿದ್ದೀರಿ. ಒಬ್ಬ ರೈತರು ತಮ್ಮ ರಾಗಿಯ ಕಣಜವಿದ್ದ ಕೊಟ್ಟಿಗೆಯನ್ನು ತೆರವು ಮಾಡಿ, ನೆಲವನ್ನು ಸಗಣಿಯಿಂದ ಸಾರಿಸಿ, ಗುರುಗಳಿಗೆ ಬಿಟ್ಟುಕೊಟ್ಟರು. ಮಣ್ಣಿನ ಗೋಡೆ, ಹುಲ್ಲಿನ ಮಾಡು. ಹುಲ್ಲು ಹೋಗಿ ಹೆಂಚು ಬಂದದ್ದು ಆಮೇಲೆ. ದೇವಾಲಯ ಎದ್ದ ಮೇಲೆ ಆ ಕೊಟ್ಟಿಗೆ ಕೆಲವು ಕಾಲ ಶಾಲೆಯಾಯಿತು, ಬಳಿಕ ಸೌದೆ ಒಟ್ಟುವ ಜಾಗವಾಯಿತು. ಸುಮಾರು ಮೂವತ್ತು ವರ್ಷಗಳ ಹಿಂದೆ ನಾನು ಇಲ್ಲಿಗೆ ಸಹಾಯಕ ಗುರುವಾಗಿ ಬಂದಾಗ ಅದರ ಒಂದು ಮೂಲೆ ಕುಸಿದಿತ್ತು. ಸಭಾಂಗಣಕ್ಕೆ ಸ್ಥಳ ಬೇಕಾಗಿತ್ತು. ಕೆಡವಿಸುವ ಕೆಲಸವನ್ನು ನನಗೆ ವಹಿಸಿದರು. ಎರಡು ದಿನಗಳಲ್ಲಿ ಕೆಲಸ ಮುಗಿಯಿತು. ತೊಲೆಗಳನ್ನು ಮಾರಿದೆವು, ಮಣ್ಣನ್ನು ಹಳ್ಳಕ್ಕೆ ತುಂಬಿದೆವು.

ಆಗ ನನ್ನ ಬಳಿ ಒಳ್ಳೆಯ ಕ್ಯಾಮೆರಾ ಇತ್ತು. ಗುರುದೀಕ್ಷೆಯ ಸಮಯದಲ್ಲಿ ಬಂಧುವೊಬ್ಬರು ಕೊಟ್ಟದ್ದು. ಅದರಲ್ಲಿ ನಾನು ಬೇಲೂರಿನ ಶಿಲಾಬಾಲಿಕೆಯರನ್ನು ತೆಗೆದಿದ್ದೆ, ಜೋಗದ ಜಲಪಾತವನ್ನು ತೆಗೆದಿದ್ದೆ. ನನ್ನ ಕೋಣೆಯಿಂದ ನಲವತ್ತು ಹೆಜ್ಜೆ ದೂರದಲ್ಲಿದ್ದ ಆ ಕೊಟ್ಟಿಗೆಯ ಒಂದೇ ಒಂದು ಚಿತ್ರವನ್ನೂ ತೆಗೆಯಲಿಲ್ಲ. ತೆಗೆಯಬೇಕೆಂದು ಹೊಳೆಯಲೇ ಇಲ್ಲ.

ಕಳೆದ ವರ್ಷ ಈ ಸ್ಮರಣ ಸಂಚಿಕೆಗೆಂದು ಹಳೆಯ ಚಿತ್ರಗಳನ್ನು ಹುಡುಕತೊಡಗಿದಾಗ ಎಲ್ಲರೂ ಮೊದಲು ಕೇಳಿದ್ದು ಅದನ್ನೇ. ಮನೆಮನೆಯ ಪೆಟ್ಟಿಗೆಗಳನ್ನು ತೆರೆದು ನೋಡಿದೆವು. ಕೊನೆಗೆ ಸಿಕ್ಕಿದ್ದು ಒಂದು ಚಿತ್ರ. ಪ್ರಥಮ ಪರಮಪ್ರಸಾದ ಸ್ವೀಕರಿಸಿದ ಹನ್ನೊಂದು ಮಕ್ಕಳು ಸಾಲಾಗಿ ನಿಂತಿದ್ದಾರೆ. ಅವರ ಹಿಂದೆ, ಎಡತುದಿಯಲ್ಲಿ, ಮಾಡಿನ ಒಂದು ಅಂಚು ಮತ್ತು ಅರ್ಧ ಬಾಗಿಲು. ಛಾಯಾಗ್ರಾಹಕನಿಗೆ ಅದು ಬೇಕಾಗಿರಲಿಲ್ಲ. ಅಕಸ್ಮಾತ್ತಾಗಿ ಒಳಗೆ ಬಂದಿದೆ. ನಮ್ಮ ಧರ್ಮಕೇಂದ್ರ ಹುಟ್ಟಿದ ಮನೆಯ ಪೈಕಿ ನಮಗೆ ಉಳಿದಿರುವುದು ಆ ಅರ್ಧ ಬಾಗಿಲು. ಈ ಕೋಣೆಯ ಮೊದಲ ಚಿತ್ರವಾಗಿ ಅದನ್ನು ಇರಿಸಿದ್ದೇವೆ.

ಆದಕಾರಣ, ಇಂತಹ ತಪ್ಪು ಮತ್ತೆ ಆಗದಿರಲೆಂದು ನಮ್ಮ ಯುವಕ ಯುವತಿಯರು ಹಳ್ಳಿ ಹಳ್ಳಿ ತಿರುಗಿ ಈ ಚಿತ್ರಗಳನ್ನು ತೆಗೆದಿದ್ದಾರೆ.

ಕೊಟ್ಟಿಗೆಯ ಚಿತ್ರ ತೆಗೆಯುವುದು ಹಾಸ್ಯದ ವಿಷಯವೆಂದು ಯಾರೂ ಭಾವಿಸಬೇಕಾಗಿಲ್ಲ. ಛಾಯಾಗ್ರಹಣವೆಂಬ ಕಲೆ ಆರಂಭವಾದದ್ದೇ ಹಳ್ಳಿಯ ಕಟ್ಟಡಗಳಿಂದ. ಫ್ರಾನ್ಸ್ ದೇಶದ ನಿಸೆಫೋರ್ ನಿಯೆಪ್ಸ್ ಎಂಬವರು 1826 ಅಥವಾ 1827ರಲ್ಲಿ ತಮ್ಮ ಹಳ್ಳಿಮನೆಯ ಮೇಲಂತಸ್ತಿನ ಕಿಟಕಿಯಲ್ಲಿ ಕ್ಯಾಮೆರಾ ಇರಿಸಿ, ಒಂದು ಬಗೆಯ ಡಾಂಬರನ್ನು ಲೇಪಿಸಿದ ಲೋಹದ ಹಲಗೆಯ ಮೇಲೆ ಹೊರಗಿನ ನೋಟವನ್ನು ಮೂಡಿಸಿದರು. ಕ್ಯಾಮೆರಾದಿಂದ ತೆಗೆದು ಇಂದಿಗೂ ಉಳಿದಿರುವ ಚಿತ್ರಗಳಲ್ಲಿ ಅತ್ಯಂತ ಹಳೆಯದು ಅದೇ. ಅಮೆರಿಕದ ಆಸ್ಟಿನ್ ನಗರದ ವಿಶ್ವವಿದ್ಯಾಲಯದಲ್ಲಿ ಅದನ್ನು ಕಾಪಾಡಿದ್ದಾರೆ. ಅದರಲ್ಲಿ ಇರುವುದೇನು? ಅರಮನೆಯಲ್ಲ, ಮಹಾದೇವಾಲಯವಲ್ಲ. ಒಂದು ಪಾರಿವಾಳದ ಗೂಡು, ಒಂದು ಕಣಜದ ಇಳಿಜಾರು ಮಾಡು, ರೊಟ್ಟಿ ಸುಡುವ ಮನೆ, ಒಂದು ಮರ. ಅದಾದ ಮೇಲೆ, 1844ರಲ್ಲಿ, ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ ಅವರು ತೆಗೆದ ಬಹು ಪ್ರಸಿದ್ಧವಾದ ಚಿತ್ರವೊಂದು ಲಾಯದ ತೆರೆದ ಬಾಗಿಲು ಮತ್ತು ಅದಕ್ಕೆ ಒರಗಿಸಿಟ್ಟ ಪೊರಕೆಯದು. ಕಿಟಕಿಯ ಹೊರಗೆ, ಹಿತ್ತಿಲಿನ ಆಚೆ, ದಿನವೂ ಕಾಣುತ್ತಿದ್ದುದನ್ನೇ ಆ ಮಹನೀಯರು ನೋಡಿದರು.

ನಮ್ಮ ನಾಡಿಗೂ ಕ್ಯಾಮೆರಾ ತಡವಾಗಿ ಬರಲಿಲ್ಲ. 1850ರ ದಶಕದಲ್ಲಿಯೇ ಆಂಗ್ಲ ಅಧಿಕಾರಿಗಳು ಇಲ್ಲಿ ಚಿತ್ರ ತೆಗೆಯುತ್ತಿದ್ದರು. ಪಿಗೌ, ಬಿಗ್ಸ್, ನೀಲ್ ಎಂಬ ಮೂವರು ತೆಗೆದ ಚಿತ್ರಗಳು, ಮೆಡೋಸ್ ಟೇಲರ್ ಅವರ ವಿವರಣೆಯೊಡನೆ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವಾಗಿ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಹಳೇಬೀಡು, ವಿಜಯನಗರ ಮುಂತಾದ ಸ್ಥಳಗಳ ಮಹಿಮೆ ಆ ಚಿತ್ರಗಳ ಮೂಲಕ ದೂರ ದೇಶಗಳಿಗೆ ತಿಳಿಯಿತು. ಅದು ಒಳ್ಳೆಯ ಕೆಲಸವೇ. ಆದರೆ ಆ ದಿನಗಳಿಂದ ನಮ್ಮ ಕಣ್ಣಿಗೆ ಒಂದು ಅಭ್ಯಾಸ ಅಂಟಿಕೊಂಡಿತು: ಕಲ್ಲಿನದು ಚಿತ್ರಕ್ಕೆ ಯೋಗ್ಯ, ಮಣ್ಣಿನದು ಅಲ್ಲ. ಕಲ್ಲು ಸಾವಿರ ವರ್ಷ ನಿಲ್ಲುತ್ತದೆ. ಅದರ ಚಿತ್ರವನ್ನು ನಾಳೆಯೂ ತೆಗೆಯಬಹುದು. ಮಣ್ಣಿನ ಗೋಡೆ ಎರಡು ಮಳೆಗಾಲ ಮಾಡಿಲ್ಲದೆ ನಿಂತರೆ ಕರಗಿಹೋಗುತ್ತದೆ. ಚಿತ್ರದ ಅಗತ್ಯ ಯಾವುದಕ್ಕೆ ಹೆಚ್ಚು ಎಂಬುದನ್ನು ನೀವೇ ಯೋಚಿಸಿ.

ಬೇಗ ಅಳಿಯುವ ಈ ಕಟ್ಟಡಗಳು ಏತಕ್ಕಾಗಿ ಇದ್ದವು ಎಂಬುದನ್ನು ಇಲ್ಲಿರುವ ಕಿರಿಯರಿಗಾಗಿ ಸ್ವಲ್ಪ ಹೇಳುತ್ತೇನೆ. ಮೂರನೆಯ ಚಿತ್ರವನ್ನು ನೋಡಿ. ನೆಲದ ಮೇಲೆ ಒಂದು ಕಲ್ಲುಚಪ್ಪಡಿ ಮಾತ್ರ ಕಾಣುತ್ತದೆ. ಅದು ಹಗೇವಿನ ಬಾಯಿ. ಅದರ ಕೆಳಗೆ ಗಡಿಗೆಯ ಆಕಾರದ ಆಳವಾದ ಗುಂಡಿ ಇದೆ. ಒಕ್ಕಣೆ ಮುಗಿದ ಮೇಲೆ ರಾಗಿಯನ್ನು ಅದರಲ್ಲಿ ತುಂಬಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಆ ಗುಂಡಿಯಲ್ಲಿ ರಾಗಿ ವರ್ಷಗಟ್ಟಲೆ ಹುಳು ಹಿಡಿಯದೆ ಇರುತ್ತಿತ್ತು. ತೆರೆಯುವ ದಿನ ಯಾರೂ ಕೂಡಲೇ ಒಳಗೆ ಇಳಿಯುತ್ತಿರಲಿಲ್ಲ. ಬಹಳ ಹೊತ್ತು ಬಾಯಿ ತೆರೆದಿಟ್ಟು, ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಇಳಿಯುತ್ತಿದ್ದರು. ಅವಸರಪಟ್ಟು ಇಳಿದು ವಿಷವಾಯುವಿಗೆ ಪ್ರಾಣ ಕಳೆದುಕೊಂಡವರೂ ಉಂಟು. ಕಲ್ಲುಚಪ್ಪಡಿಯ ಚಿತ್ರವೊಂದನ್ನೇ ನೋಡಿದವರಿಗೆ ಇದರಲ್ಲಿ ಒಂದಕ್ಷರವೂ ತಿಳಿಯುವುದಿಲ್ಲ. ಈ ಮಾತನ್ನು ನೆನಪಿಡಿ. ಮುಂದೆ ಇದಕ್ಕೆ ಮರಳಿ ಬರುತ್ತೇನೆ.

ಬಿದಿರಿನ ತಟ್ಟಿ ಹೆಣೆದು ಸಗಣಿ ಮಣ್ಣು ಮೆತ್ತಿದ ಕಣಜ, ಎತ್ತುಗಳು ಸುತ್ತುತ್ತಿದ್ದ ಗಾಣ, ಕಬ್ಬಿನ ಹಾಲು ಕುದಿಯುತ್ತಿದ್ದ ಕೊಪ್ಪರಿಗೆಯ ಆಲೆಮನೆ, ಹುಲ್ಲು ತುಂಬಿದ ಅಟ್ಟ, ದನಗಳನ್ನು ಕಟ್ಟುತ್ತಿದ್ದ ಗೋದಲಿ, ಇವೆಲ್ಲವೂ ಈ ಗೋಡೆಗಳ ಮೇಲಿವೆ. ಕ್ರಿಸ್ತಜಯಂತಿಗೆ ನಾವು ದೇವಾಲಯದಲ್ಲಿ ಕಟ್ಟುವ ಗೋದಲಿಯನ್ನು ಬಿಟ್ಟರೆ ಬೇರೆ ಗೋದಲಿಯನ್ನೇ ಕಾಣದ ಮಕ್ಕಳು ಈಗ ನಮ್ಮಲ್ಲಿದ್ದಾರೆ. ಕಳೆದ ಡಿಸೆಂಬರಿನಲ್ಲಿ ಒಬ್ಬ ಹುಡುಗ, "ಫಾದರ್, ಇದು ಯೇಸುಸ್ವಾಮಿಯ ತೊಟ್ಟಿಲೇ?" ಎಂದು ಕೇಳಿದ. ದನ ಮೇವು ತಿನ್ನುವ ಜಾಗವೆಂದು ಹೇಳಿದಾಗ ಅವನ ಮುಖದಲ್ಲಿ ಮೂಡಿದ ಆಶ್ಚರ್ಯವನ್ನು ನಾನು ಮರೆತಿಲ್ಲ.

ಇವು ಏಕೆ ಮಾಯವಾಗುತ್ತಿವೆ? ಯಾರ ದುರುದ್ದೇಶದಿಂದಲೂ ಅಲ್ಲ. ಎತ್ತಿನ ಬದಲು ಟ್ರ್ಯಾಕ್ಟರ್ ಬಂದಮೇಲೆ ಕೊಟ್ಟಿಗೆ ಬರಿದಾಯಿತು. ಬೆಳೆ ಕಟಾವಾದ ಕೂಡಲೇ ಮಾರುಕಟ್ಟೆಗೆ ಹೋಗುವುದರಿಂದ ಕಣಜಕ್ಕೆ ಕೆಲಸವಿಲ್ಲ. ಒಟ್ಟುಕುಟುಂಬ ಪಾಲಾದಾಗ ದೊಡ್ಡ ಮನೆಯ ನಡುವೆ ಗೋಡೆ ಎದ್ದು, ಕೊಟ್ಟಿಗೆ ಒಬ್ಬ ತಮ್ಮನಿಗೆ ಮನೆಕಟ್ಟುವ ನಿವೇಶನವಾಯಿತು. ಹುಲ್ಲು ಹೊದಿಸುವುದನ್ನು ಬಲ್ಲ ಕೈಗಳು ವಿರಳವಾದವು. ತಾರಸಿಯ ಮನೆ ಕಟ್ಟಿಕೊಂಡ ಕುಟುಂಬವನ್ನು ನಾನು ದೂಷಿಸಲಾರೆ. ಹೊಗೆ ತುಂಬಿದ, ಬೆಳಕಿಲ್ಲದ, ದನದೊಡನೆ ಒಂದೇ ಸೂರಿನಡಿ ಮಲಗುವ ಬಾಳು ಸುಖದ ಬಾಳಾಗಿರಲಿಲ್ಲ. ಎಲ್ಲವನ್ನೂ ಉಳಿಸಿಕೊಳ್ಳಿರೆಂದು ನಾನು ಹೇಳುತ್ತಿಲ್ಲ. ಸಂತ ಲೂಕರ ಶುಭಸಂದೇಶದಲ್ಲಿ ತನ್ನ ಕಣಜಗಳನ್ನು ಕೆಡವಿ ಇನ್ನೂ ದೊಡ್ಡವನ್ನು ಕಟ್ಟಿಸಲು ಹೊರಟ ಧನಿಕನ ಸಾಮತಿ ಇದೆ. ಅಲ್ಲಿ ತಪ್ಪಾದದ್ದು ಕಣಜ ಕಟ್ಟಿದ್ದರಿಂದಲೂ ಅಲ್ಲ, ಕೆಡವಿದ್ದರಿಂದಲೂ ಅಲ್ಲ. ತನ್ನನ್ನು ಬಿಟ್ಟು ಬೇರೆ ಯಾರ ನೆನಪೂ ಅವನಿಗೆ ಬಾರದಿದ್ದುದರಿಂದ. ಕೆಡವಬೇಕಾದುದನ್ನು ಕೆಡವಿರಿ. ಕೆಡವುವ ಮೊದಲು ಅಲ್ಲಿ ದುಡಿದವರನ್ನು ಒಮ್ಮೆ ನೆನೆಯಿರಿ, ಒಂದು ಚಿತ್ರ ತೆಗೆಯಿರಿ. ನಾನು ಕೇಳುವುದು ಇಷ್ಟೇ.

ಚಿತ್ರ ತೆಗೆದರೆ ಸಾಕೇ ಎಂದು ಕೇಳಬಹುದು. ಇದಕ್ಕೆ ನಮ್ಮ ಸಮೀಪದ ಒಂದು ಉದಾಹರಣೆಯನ್ನು ಕೊಡುತ್ತೇನೆ. ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಹೇಮಾವತಿಯ ತೀರದಲ್ಲಿ, ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯವಿದೆ. ಫ್ರೆಂಚ್ ಗುರುಗಳು 1860ರ ದಶಕದಲ್ಲಿ ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಜನರು ಊರು ಬಿಟ್ಟು ಬೇರೆಡೆ ನೆಲೆಸಿದರು. ಅಂದಿನಿಂದ ಜಲಾಶಯ ತುಂಬಿದಾಗ ಆ ದೇವಾಲಯ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ಮೇಲೆ ಕಾಣಿಸಿಕೊಳ್ಳುತ್ತದೆ. ಮಾಡು ಇಲ್ಲ, ಗೋಡೆಯ ಭಾಗಗಳು ಇತ್ತೀಚಿನ ವರ್ಷಗಳಲ್ಲಿ ಕುಸಿದಿವೆ. ಕರ್ನಾಟಕದಲ್ಲಿ ಜನರು ಮತ್ತೆ ಮತ್ತೆ ಕ್ಯಾಮೆರಾ ಹಿಡಿದು ಹೋಗುವ ಪಾಳುಕಟ್ಟಡಗಳಲ್ಲಿ ಅದೂ ಒಂದು.

ನಾನೂ ಅಲ್ಲಿಗೆ ಹೋಗಿದ್ದೇನೆ, ಚಿತ್ರ ತೆಗೆದಿದ್ದೇನೆ. ನೀರಿನಲ್ಲಿ ಕಮಾನುಗಳ ನೆರಳು ಬಿದ್ದಾಗ ಯಾರಿಗಾದರೂ ಮನಸ್ಸು ಸೋಲುತ್ತದೆ. ಆದರೆ ಮನೆಗೆ ಬಂದು ಚಿತ್ರಗಳನ್ನು ಹರಡಿ ನೋಡಿದಾಗ ನನಗೆ ಒಂದು ಕೊರತೆ ಕಂಡಿತು. ಕಮಾನು ಇತ್ತು, ನೀರು ಇತ್ತು, ಮುಗಿಲು ಇತ್ತು. ಆ ನೆಲದಲ್ಲಿ ಮೊಣಕಾಲೂರಿ ಪ್ರಾರ್ಥಿಸಿದವರು, ಅಲ್ಲಿ ಜ್ಞಾನಸ್ನಾನ ಪಡೆದವರು, ಮದುವೆಯಾದವರು, ತಮ್ಮ ಹೊಲ, ಕಣ, ಕೊಟ್ಟಿಗೆಗಳನ್ನು ನೀರಿಗೆ ಬಿಟ್ಟು ಗಂಟುಮೂಟೆ ಹೊತ್ತು ಹೋದವರು ಯಾರೂ ನನ್ನ ಚಿತ್ರಗಳಲ್ಲಿರಲಿಲ್ಲ. ಅಳಿದ ಊರಿನ ಸೊಬಗನ್ನು ನಾನು ಹೊತ್ತು ತಂದಿದ್ದೆ. ಅದರ ನೋವನ್ನು ಅಲ್ಲಿಯೇ ಬಿಟ್ಟು ಬಂದಿದ್ದೆ. ಅದೇ ಗೊರೂರಿನವರಾದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಬರೆದ ಒಂದು ಪುಸ್ತಕದ ಹೆಸರು 'ಹಳ್ಳಿಯ ಚಿತ್ರಗಳು'. ಅವರ ಕೈಯಲ್ಲಿದ್ದುದು ಲೇಖನಿ ಮಾತ್ರ. ಆದರೆ ಅವರ ಚಿತ್ರಗಳಲ್ಲಿ ಮನುಷ್ಯರಿದ್ದಾರೆ, ಅವರ ಮಾತಿದೆ, ನಗುವಿದೆ. ನಮ್ಮ ಕ್ಯಾಮೆರಾ ಅವರಿಂದ ಕಲಿಯಬೇಕಾದದ್ದಿದೆ.

ಹಾಗಾದರೆ ಹೇಗೆ ತೆಗೆಯಬೇಕು? ನಮ್ಮ ಯುವಜನರಿಗೆ ನಾನು ಹೇಳಿಕೊಟ್ಟ ಕೆಲವು ಮಾತುಗಳನ್ನು ಇಲ್ಲಿ ಹೇಳುತ್ತೇನೆ. ದುಬಾರಿಯ ಕ್ಯಾಮೆರಾ ಬೇಡ; ನಿಮ್ಮ ಕೈಯಲ್ಲಿರುವ ಮೊಬೈಲ್ ಫೋನ್ ಸಾಕು.

ಮೊದಲು ಮಾಲೀಕರ ಅನುಮತಿ ಕೇಳಿ. ಪಾಳುಕಟ್ಟಡವೂ ಒಬ್ಬರ ಆಸ್ತಿ. ಹಾವು ಚೇಳುಗಳಿರುತ್ತವೆ, ತೊಲೆ ಗೆದ್ದಲು ಹಿಡಿದಿರುತ್ತದೆ. ಒಬ್ಬರೇ ಒಳಗೆ ಹೋಗಬೇಡಿ, ಅಟ್ಟ ಹತ್ತಬೇಡಿ. ಮುಚ್ಚಿದ ಹಗೇವನ್ನು ಎಂದಿಗೂ ತೆರೆಯಬೇಡಿ.

ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಹೋಗಿ. ನಡುಹಗಲ ಬಿಸಿಲಿನಲ್ಲಿ ಮಣ್ಣಿನ ಗೋಡೆ ಸಪಾಟಾಗಿ ಕಾಣುತ್ತದೆ. ಓರೆಬಿಸಿಲು ಬಿದ್ದಾಗ ಗಾರೆ ಬಳಿದವರ ಬೆರಳಿನ ಗುರುತು ಕೂಡ ಎದ್ದು ಕಾಣುತ್ತದೆ. ಮೊದಲು ದೂರದಿಂದ, ಸುತ್ತಲಿನ ಮರ, ದಾರಿ, ಬಾವಿ ಸಹಿತವಾಗಿ ಒಂದು ಚಿತ್ರ. ಆಮೇಲೆ ನಾಲ್ಕು ಕಡೆಯಿಂದ ನಾಲ್ಕು. ಕ್ಯಾಮೆರಾವನ್ನು ಮೇಲಕ್ಕೆ ಎತ್ತಿ ವಾಲಿಸಬೇಡಿ. ವಾಲಿಸಿದರೆ ಗೋಡೆಗಳು ಹಿಂದಕ್ಕೆ ಬೀಳುವಂತೆ ಕಾಣುತ್ತವೆ. ಹಿಂದೆ ಸರಿದು ನೇರವಾಗಿ ಹಿಡಿಯಿರಿ. ಅಳತೆ ತಿಳಿಯುವಂತೆ ಗೋಡೆಯ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ, ಇಲ್ಲವೇ ಅಳತೆಗೋಲು ಇಡಿ. ಒಳಗೆ ಕತ್ತಲೆಯಿದ್ದರೆ ಬಾಗಿಲು ತೆರೆದು, ಕ್ಯಾಮೆರಾವನ್ನು ಗಟ್ಟಿಯಾದ ಒಂದು ವಸ್ತುವಿನ ಮೇಲಿಟ್ಟು, ಬಂದಷ್ಟು ಬೆಳಕಿನಲ್ಲಿಯೇ ನಿಧಾನವಾಗಿ ತೆಗೆಯಿರಿ. ಮಿಂಚುದೀಪ ಹಾಕಿದರೆ ಒಳಗಿನ ನಿಜವಾದ ಬೆಳಕು ಹಾಳಾಗುತ್ತದೆ.

ಕೊನೆಗೆ ಜೋಡಣೆಗಳನ್ನು ತೆಗೆಯಿರಿ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಇವು ಹೇಗೆ ಕೂಡಿವೆ, ಎಲ್ಲಿ ಕಬ್ಬಿಣದ ಮೊಳೆ ಇದೆ, ಎಲ್ಲಿ ಮರದ ಬೆಣೆ ಇದೆ ಎಂಬುದನ್ನು ನೋಡಿ. ಕಟ್ಟಿದವನ ಬುದ್ಧಿ ಇರುವುದು ಅಲ್ಲಿ. ಬಿದ್ದ ಹೆಂಚೊಂದು ಸಿಕ್ಕಿದರೆ ಮಗುಚಿ ಅದರ ಅಡಿಯ ಅಚ್ಚನ್ನು ತೆಗೆಯಿರಿ. ಇಲ್ಲಿ ಒಂದು ಎಚ್ಚರಿಕೆ ಬೇಕು. ನಮ್ಮ ಹುಡುಗರು ಒಂದು ಕೊಟ್ಟಿಗೆಯ ಹೆಂಚಿನಲ್ಲಿ 1865 ಎಂದಿರುವುದನ್ನು ಕಂಡು, ಅದು ನೂರೈವತ್ತು ವರ್ಷಕ್ಕೂ ಹಳೆಯ ಕಟ್ಟಡವೆಂದು ಸಂತೋಷದಿಂದ ಓಡಿ ಬಂದರು. ಅದು ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹೆಂಚಿನ ಕಾರ್ಖಾನೆ ಆರಂಭಿಸಿದ ವರ್ಷ. ಆ ಹೆಂಚು ಸುಟ್ಟ ವರ್ಷವಲ್ಲ. ಹೆಂಚಿನ ಮಾತನ್ನೂ ವಿಚಾರಿಸಿಯೇ ನಂಬಬೇಕು.

ಈಗ ಹಗೇವಿನ ಬಳಿ ಬಿಟ್ಟುಬಂದ ಮಾತಿಗೆ ಮರಳುತ್ತೇನೆ. ಚಿತ್ರವು ಕಂಡದ್ದನ್ನು ಮಾತ್ರ ಹೇಳುತ್ತದೆ. ಇದನ್ನು ನನಗೆ ಕಲಿಸಿದವರು ನಮ್ಮ ಧರ್ಮಕೇಂದ್ರದವರೇ ಆದ ಒಬ್ಬ ಹಿರಿಯರು. ಅವರ ಇಚ್ಛೆಯಂತೆ ಹೆಸರು ಹೇಳುವುದಿಲ್ಲ.

ಈ ಕೋಣೆಯ ನಡುವೆ ತೂಗುಹಾಕಿರುವ ದೊಡ್ಡ ಚಿತ್ರವನ್ನು ನಾನೇ ತೆಗೆದೆ. ಸಂಜೆಯ ಬೆಳಕು ಕೊಟ್ಟಿಗೆಯ ಬಾಗಿಲಿನಿಂದ ಒಳಗೆ ಹರಿದು, ಗೋದಲಿಯ ಸಾಲಿನ ಮೇಲೆ ಬಿದ್ದಿದೆ. ಧೂಳಿನ ಕಣಗಳು ಹೊಳೆಯುತ್ತಿವೆ. ಒಳ್ಳೆಯ ಚಿತ್ರವೆಂದು ನನಗೇ ಹೆಮ್ಮೆಯಾಗಿತ್ತು. ಪ್ರದರ್ಶನಕ್ಕೆ ಮೊದಲು ಅದನ್ನು ಆ ಹಿರಿಯರಿಗೆ ತೋರಿಸಿದೆ. ಅವರು ಆ ಮನೆಯಲ್ಲಿ ದುಡಿದವರೆಂದು ಕೇಳಿದ್ದೆ. ಬಹಳ ಹೊತ್ತು ನೋಡಿದರು. ಆಮೇಲೆ, "ನಾನು ಮಲಗುತ್ತಿದ್ದ ಜಾಗ ಇದರಲ್ಲಿ ಬಂದಿಲ್ಲ, ಸ್ವಾಮಿ" ಎಂದರು.

ಅವರ ತಂದೆ ಮಗಳ ಮದುವೆಗೆಂದು ಸಾಲ ತೆಗೆದಿದ್ದರು. ಆ ಸಾಲಕ್ಕಾಗಿ ಮಗನನ್ನು ಜೀತಕ್ಕೆ ಬಿಟ್ಟರು. ಆಗ ಹುಡುಗನಿಗೆ ಹತ್ತು ವರ್ಷವೂ ತುಂಬಿರಲಿಲ್ಲ. ಹಗಲು ದನ ಕಾಯುವುದು, ಇರುಳು ಅದೇ ಕೊಟ್ಟಿಗೆಯಲ್ಲಿ, ಬಾಗಿಲ ಹಿಂದಿನ ಮೂಲೆಯಲ್ಲಿ, ಗೋಣಿತಾಟು ಹಾಸಿ ಮಲಗುವುದು. ಜೀತಪದ್ಧತಿಯನ್ನು ರದ್ದುಪಡಿಸಿದ ಕಾನೂನು ಬಂದದ್ದು 1976ರಲ್ಲಿ. ಅದಕ್ಕೆ ಮೊದಲಿನ ಹಲವು ವರ್ಷಗಳು ಅವರ ಬಾಲ್ಯ ಅಲ್ಲಿ ಕಳೆಯಿತು. ನಾನು ಚಿತ್ರ ತೆಗೆಯುವಾಗ ಬೆನ್ನು ಕೊಟ್ಟು ನಿಂತಿದ್ದುದು ಅದೇ ಮೂಲೆಗೆ.

ಮರುದಿನ ನಾವಿಬ್ಬರೂ ಅಲ್ಲಿಗೆ ಹೋದೆವು. ಅವರು ಮೂಲೆಯನ್ನು ತೋರಿಸಿದರು. ಗೋಡೆಯಲ್ಲಿ ಒಂದು ಗೂಟವಿತ್ತು. ಅಂಗಿ ತೂಗುಹಾಕುತ್ತಿದ್ದುದು ಅದಕ್ಕೇ. "ನೀವೂ ಪಕ್ಕದಲ್ಲಿ ನಿಲ್ಲಿ, ಅಯ್ಯಾ" ಎಂದೆ. ಒಪ್ಪಲಿಲ್ಲ. "ನನ್ನದು ಬೇಡ. ಜಾಗದ್ದು ತೆಗೆಯಿರಿ. ಮಕ್ಕಳು ಇಲ್ಲಿ ಮಲಗುತ್ತಿದ್ದರು ಅಂತ ಕೆಳಗೆ ಬರೆಯಿರಿ" ಎಂದರು. ಹಾಗೆಯೇ ಮಾಡಿದ್ದೇವೆ. ದೊಡ್ಡ ಚಿತ್ರದ ಪಕ್ಕದಲ್ಲಿ ಆ ಚಿಕ್ಕ ಚಿತ್ರವಿದೆ. ಒಂದು ಮೂಲೆ, ಒಂದು ಗೂಟ. ಅದರಲ್ಲಿ ಬೆಳಕೂ ಸರಿಯಾಗಿಲ್ಲ. ಆದರೆ ಎರಡನ್ನೂ ಒಟ್ಟಿಗೆ ನೋಡದೆ ಯಾರೂ ಮುಂದೆ ಹೋಗಬಾರದೆಂದು ನನ್ನ ಪ್ರಾರ್ಥನೆ. ಹಳೆಯದು ಸುಂದರವಾಗಿತ್ತು ಎಂಬ ಅರ್ಧಸತ್ಯವನ್ನು ನಾವು ಮಕ್ಕಳಿಗೆ ಕೊಡುವುದು ಬೇಡ. ಆ ಕಟ್ಟಡಗಳನ್ನು ಎತ್ತಿ ನಿಲ್ಲಿಸಿದ, ಅವುಗಳಲ್ಲಿ ಧಾನ್ಯ ಹೊತ್ತು ಸುರಿದ ಅನೇಕರಿಗೆ ಆ ಧಾನ್ಯದಲ್ಲಿ ಪಾಲಿರಲಿಲ್ಲ. ಅವರ ಹೆಸರನ್ನೂ ಯಾರೂ ಬರೆದಿಡಲಿಲ್ಲ.

ಆದ್ದರಿಂದ ಚಿತ್ರದೊಡನೆ ಬರಹ ಬೇಕು. ಅಮೆರಿಕದಲ್ಲಿ 1933ರಲ್ಲಿ, ಭಾರಿ ಆರ್ಥಿಕ ಕುಸಿತದ ದಿನಗಳಲ್ಲಿ, ಕೆಲಸ ಕಳೆದುಕೊಂಡ ವಾಸ್ತುಶಿಲ್ಪಿಗಳಿಗೆ ಕೆಲಸ ಕೊಡಲೆಂದು ಸರ್ಕಾರವು ಹಳೆಯ ಕಟ್ಟಡಗಳ ದಾಖಲೆ ಮಾಡಿಸಲು ಆರಂಭಿಸಿತು. ದೊಡ್ಡ ಭವನಗಳ ಜೊತೆಗೆ ರೈತರ ಕಣಜಗಳನ್ನೂ ಗಿರಣಿಗಳನ್ನೂ ಅವರು ಬಿಡಲಿಲ್ಲ. ಅವರು ಮೂರನ್ನು ಒಟ್ಟಿಗೆ ಇಟ್ಟರು: ಅಳತೆಯ ನಕ್ಷೆ, ಛಾಯಾಚಿತ್ರ, ಬರಹದ ಇತಿಹಾಸ. ಆ ಕಟ್ಟಡಗಳಲ್ಲಿ ಎಷ್ಟೋ ಇಂದು ಇಲ್ಲ; ದಾಖಲೆ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಆ ಕ್ರಮವನ್ನು ನಾವೂ ಅನುಸರಿಸಬಹುದು. ಒಂದು ನೋಟುಪುಸ್ತಕ ಸಾಕು. ಊರು, ಮನೆತನ, ಕಟ್ಟಡದ ಉದ್ದಗಲ, ಯಾವುದಕ್ಕೆ ಬಳಸುತ್ತಿದ್ದರು, ಯಾರು ಕಟ್ಟಿದರು, ಯಾರು ದುಡಿದರು, ಹೇಳಿದವರು ಯಾರು, ಚಿತ್ರ ತೆಗೆದ ದಿನಾಂಕ. ತಿಳಿಯದುದನ್ನು ಊಹಿಸಿ ಬರೆಯಬೇಡಿ. ಜಾಗ ಖಾಲಿ ಬಿಡಿ. ಮುಂದೆ ಯಾರಾದರೂ ತುಂಬಿಸುತ್ತಾರೆ.

ತೆಗೆದ ಚಿತ್ರವನ್ನು ಕಾಪಾಡುವುದೂ ಒಂದು ಕರ್ತವ್ಯ. ಈ ಸಂಚಿಕೆಗಾಗಿ ಚಿತ್ರ ಹುಡುಕುವಾಗ ನಮಗೆ ಬಹಳ ನಷ್ಟ ಕಂಡಿತು. ಕಪ್ಪುಬಿಳುಪಿನ ಹಳೆಯ ಚಿತ್ರಗಳು ಬಹುಮಟ್ಟಿಗೆ ಚೆನ್ನಾಗಿಯೇ ಇದ್ದವು. ಅವಕ್ಕಿಂತ ಈಚಿನ ಬಣ್ಣದ ಚಿತ್ರಗಳಲ್ಲಿ ನೀಲಿ ಮಾಸಿ ಎಲ್ಲವೂ ಕೆಂಪಾಗಿತ್ತು. ಅಂಟಿನ ಹಾಳೆಯ ಆಲ್ಬಮ್ಮುಗಳಲ್ಲಿ ಇಟ್ಟವನ್ನು ಬಿಡಿಸಲು ಹೋದರೆ ಹರಿದವು. ಕೆಲವು ನೆಗೆಟಿವ್‌ಗಳ ಡಬ್ಬಿ ತೆರೆದಾಗ ವಿನೆಗರಿನ ವಾಸನೆ ಬಂತು. ಫಿಲ್ಮ್ ಕೊಳೆಯುತ್ತಿದೆಯೆಂಬುದಕ್ಕೆ ಅದೇ ಗುರುತು. ಚಿತ್ರಗಳನ್ನು ತೇವವಿಲ್ಲದ, ತಂಪಾದ ಕಡೆ, ಕಾಗದದ ಲಕೋಟೆಯಲ್ಲಿಡಿ. ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು ಬರೆಯಿರಿ; ಶಾಯಿ ಮುಂದಕ್ಕೆ ಹಾದು ಬರುತ್ತದೆ. ಮೊಬೈಲಿನಲ್ಲಿ ತೆಗೆದವರು ಅದರಲ್ಲಿಯೇ ಬಿಟ್ಟುಬಿಡಬೇಡಿ. ಫೋನ್ ನೀರಿಗೆ ಬಿದ್ದ ದಿನ ನಿಮ್ಮ ಕಣಜವೂ ಮುಳುಗುತ್ತದೆ. ಎರಡು ಕಡೆ ಪ್ರತಿ ಇಡಿ, ಮುಖ್ಯವಾದವನ್ನು ಕಾಗದದ ಮೇಲೆ ಮುದ್ರಿಸಿಡಿ. ಜ್ಞಾನಸ್ನಾನದ ದಾಖಲೆ ಪುಸ್ತಕಗಳನ್ನು ಇರಿಸಿರುವ ಬೀರುವಿನಲ್ಲಿ ಒಂದು ಅಂಕಣವನ್ನು ಇದಕ್ಕಾಗಿಯೇ ತೆರವು ಮಾಡಿಸಿದ್ದೇನೆ.

ಪ್ರಿಯರೇ, ಬಾಗಿಲಲ್ಲಿ ಪ್ರಶ್ನೆ ಕೇಳಿದ ಹಿರಿಯರು ಈಗ ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ. ಅವರಿಗೆ ನನ್ನ ಉತ್ತರ ಇದು. ಪಕ್ಕದ ಕೋಣೆಯ ಗೋಪುರವನ್ನು ಎತ್ತಿದವರು ಈ ಕೋಣೆಯ ಕೊಟ್ಟಿಗೆಗಳಿಂದ ಎದ್ದು ಬಂದವರು. ಅವರು ಕೊಟ್ಟ ಹಿಡಿ ಹಿಡಿ ರಾಗಿಯಿಂದ ಆ ಗೋಡೆಗಳೆದ್ದವು. ಅವರ ಮನೆಗಳನ್ನು ಬಿಟ್ಟು ದೇವಾಲಯದ ಇತಿಹಾಸ ಬರೆದರೆ ಅದು ಅರ್ಧ ಬಾಗಿಲಿನ ಚಿತ್ರದಂತಾಗುತ್ತದೆ.

ನಿಮ್ಮ ಹಳ್ಳಿಯಲ್ಲಿ ಇನ್ನೂ ನಿಂತಿರುವ ಒಂದು ಹಳೆಯ ಕಟ್ಟಡ ಈ ಮಳೆಗಾಲವನ್ನು ದಾಟುತ್ತದೆಯೋ ಇಲ್ಲವೋ ದೇವರೇ ಬಲ್ಲ. ಅದರ ಕಥೆ ಬಲ್ಲ ಅಜ್ಜಿಯ ವಿಷಯದಲ್ಲಿಯೂ ಅದೇ ಮಾತು. ಈ ಭಾನುವಾರ ಪೂಜೆ ಮುಗಿಸಿ ಹೋಗುವಾಗ ಅಜ್ಜಿಯನ್ನು ಕರೆದುಕೊಂಡು ಆ ಕಟ್ಟಡದ ಬಳಿಗೆ ಹೋಗಿ. ಆಕೆ ಹೇಳುವುದನ್ನು ಮೊದಲು ಕೇಳಿ, ಬರೆದುಕೊಳ್ಳಿ. ಚಿತ್ರವನ್ನು ಆಮೇಲೆ ತೆಗೆಯಿರಿ. ಎಲ್ಲಿ ನಿಂತು ತೆಗೆಯಬೇಕೆಂಬುದನ್ನು ಆಕೆಯೇ ತೋರಿಸುತ್ತಾಳೆ.

ಈ ಕೆಲಸಕ್ಕಾಗಿ ಬಿಸಿಲಿನಲ್ಲಿ ಅಲೆದ ಯುವಜನರನ್ನೂ, ಬಾಗಿಲು ತೆರೆದು ತಮ್ಮ ಮನೆ ಕೊಟ್ಟಿಗೆಗಳನ್ನು ತೋರಿಸಿದ ಎಲ್ಲ ಧರ್ಮಗಳ ನೆರೆಹೊರೆಯವರನ್ನೂ, ಗೂಟದ ಮೂಲೆಯನ್ನು ತೋರಿಸಿದ ಆ ಹಿರಿಯರನ್ನೂ ದೇವರು ಆಶೀರ್ವದಿಸಲಿ.